ಪಾರ್ಕಿನ ಸ್ಕೇಟಿಂಗ್ ರಿಂಕ್ ಬಿರಿಯುವುದು ಕೆಳಗಿನಿಂದ: ಎರೆ ಮಣ್ಣಿನ ಮೇಲೆ ಅದನ್ನು ಮತ್ತೆ ಕಟ್ಟುವ ಬಗೆ

ಏಪ್ರಿಲ್ ಕೊನೆಗೆ ಕಲಬುರಗಿ ಸುತ್ತಲಿನ ತೊಗರಿ ಹೊಲಗಳಲ್ಲಿ ಕಾಲಿಟ್ಟರೆ ನೆಲ ಬಾಯಿ ಬಿಟ್ಟುಕೊಂಡು ಕಾದಿರುತ್ತದೆ. ಮುಂಗೈ ಪೂರ್ತಿ ಇಳಿಯುವಷ್ಟು ಬಿರುಕು. ಮುಂಗಾರಿನ ನಾಲ್ಕು ಒಳ್ಳೆ ಮಳೆ ಬಿದ್ದರೆ ಅದೇ ಬಿರುಕು ಗುರುತು ಸಿಗದಂತೆ ಕೂಡಿಕೊಂಡು, ನೆಲ ಉಬ್ಬಿ ಮೇಲೇಳುತ್ತದೆ. ಬೇಸಾಯಗಾರನಿಗೆ ಇದು ಹೊಸ ಮಾತಲ್ಲ. ಆದರೆ ಅದೇ ಮಣ್ಣಿನ ಮೇಲೆ ಪಾರ್ಕಿನಲ್ಲಿ ಮಕ್ಕಳಿಗಾಗಿ ಸ್ಕೇಟಿಂಗ್ ರಿಂಕ್ ಹಾಕುವಾಗ ಮಾತ್ರ ನಾಲ್ಕು ಇಂಚು ಕಾಂಕ್ರೀಟ್ ಹಾಸಿ ಮೇಲೆ ನೀಲಿ ಬಣ್ಣ ಬಳಿದರೆ ಮುಗಿಯಿತು ಎಂದುಕೊಳ್ಳುತ್ತೇವೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣದ ನಡುವೆ ಸೀಳು ಕಾಣಿಸುತ್ತದೆ, ಸೀಳಿನ ಒಂದು ಬದಿ ಮೇಲೇಳುತ್ತದೆ. ಆಮೇಲೆ ಮಕ್ಕಳು ಬರುವುದು ನಿಲ್ಲುತ್ತದೆ.

ಇಂಥ ರಿಂಕಿಗೆ ಮತ್ತೊಂದು ಪದರ ಸಿಮೆಂಟ್ ಬಳಿಯುವುದು ಹಣ ನೀರಿಗೆ ಹಾಕಿದಂತೆ. ಮೇಲ್ಮೈ ಕೆಟ್ಟಿರುವುದು ಕೆಳಗಿನ ಮಣ್ಣಿನಿಂದ ಮತ್ತು ಪಕ್ಕದ ನೀರಿನಿಂದ. ಮರುಕಟ್ಟುವ ಹಣದ ದೊಡ್ಡ ಪಾಲು ಹೋಗಬೇಕಾದದ್ದು ಕಣ್ಣಿಗೆ ಕಾಣದ ಆ ಕೆಲಸಕ್ಕೆ.

ಮೊದಲು ಬಿರುಕನ್ನು ಓದಬೇಕು

ಎಲ್ಲ ಬಿರುಕೂ ಒಂದೇ ಅಲ್ಲ. ಜೇಡನ ಬಲೆಯಂತೆ ಹರಡಿ, ಉಗುರು ಸಿಗದಷ್ಟು ಸಣ್ಣದಾಗಿದ್ದರೆ ಅದು ಕಾಂಕ್ರೀಟ್ ಹಾಕಿದ ದಿನ ಮೇಲ್ಮೈ ಬೇಗ ಒಣಗಿದ್ದರ ಗುರುತು. ನೋಡಲು ಚೆಂದವಿಲ್ಲ, ಅಪಾಯವೂ ಇಲ್ಲ. ನೆಟ್ಟಗೆ ಅಡ್ಡಲಾಗಿ ಹೋಗಿ ಎರಡೂ ಬದಿ ಒಂದೇ ಮಟ್ಟದಲ್ಲಿದ್ದರೆ ಹಿಗ್ಗಲು ಕುಗ್ಗಲು ಬಿಡುವ ಸಂದು, ಅಂದರೆ ಜಾಯಿಂಟ್, ಕೊಡದೆ ಬಿಟ್ಟಿದ್ದಾರೆ, ಕಾಂಕ್ರೀಟ್ ತಾನೇ ಜಾಯಿಂಟ್ ಮಾಡಿಕೊಂಡಿದೆ ಎಂದರ್ಥ. ಒಂದು ಬದಿ ಮೇಲೆ, ಒಂದು ಬದಿ ಕೆಳಗೆ ಇದ್ದರೆ ಮಾತ್ರ ಮಣ್ಣು ಆಡುತ್ತಿದೆ.

ಸ್ಕೇಟ್ ಹಾಕಿದ ಮಗುವಿಗೆ ಈ ಮೂರನೆಯದೇ ಶತ್ರು. ಲೆಕ್ಕ ನೋಡಿ. ನಾಲ್ಕು ಗಾಲಿಯ ಸಾಮಾನ್ಯ ಸ್ಕೇಟಿನ ಗಾಲಿ ಸುಮಾರು 60 ಮಿ.ಮೀ. ವ್ಯಾಸದ್ದು. 10 ಮಿ.ಮೀ. ಅಗಲದ ಸೀಳಿನ ಮೇಲೆ ಅದು ಹಾದುಹೋದಾಗ ಒಳಗೆ ಇಳಿಯುವುದು ಅರ್ಧ ಮಿ.ಮೀ.ಗಿಂತ ಕಡಿಮೆ, ಪಾದಕ್ಕೆ ಒಂದು ಸಣ್ಣ ಟಕ್ ಎನ್ನಿಸುತ್ತದೆ, ಅಷ್ಟೇ. ಆದರೆ 4 ಮಿ.ಮೀ. ಎತ್ತರದ ಮೆಟ್ಟಿಲು ಎದುರಾದರೆ ಗಾಲಿ 30 ಡಿಗ್ರಿ ಕಡಿದಾದ ಗೋಡೆಗೆ ಹೊಡೆದಂತೆ. ಗಾಲಿ ನಿಲ್ಲುತ್ತದೆ, ಮಗು ಮುಂದಕ್ಕೆ ಹೋಗುತ್ತದೆ. ಸೀಳು ಎಷ್ಟು ಅಗಲವಿದೆ ಎಂದು ಅಳೆಯುವುದಕ್ಕಿಂತ ಒಂದು ಬದಿ ಎಷ್ಟು ಎದ್ದಿದೆ ಎಂದು ಅಳೆಯುವುದು ಮುಖ್ಯವಾಗುವುದು ಇದಕ್ಕೇ. ಅಂಚು ಉದುರಿ ಸೀಳು 30 ಮಿ.ಮೀ. ಆದಾಗ ಮಾತ್ರ ಅದೂ 4 ಮಿ.ಮೀ. ಮೆಟ್ಟಿಲಿಗೆ ಸಮನಾಗುತ್ತದೆ.

ಮಣ್ಣು ಎಷ್ಟು ಆಡುತ್ತಿದೆ ಎಂಬುದಕ್ಕೆ ಒಂದು ಸರಳ ಪರೀಕ್ಷೆ ಸಾಕು. ರಿಂಕಿನ ಮೇಲೆ 4 ಮೀಟರಿಗೊಂದರಂತೆ ಬಣ್ಣದ ಚುಕ್ಕೆ ಇಟ್ಟು, ಮೇ ತಿಂಗಳಲ್ಲಿ ಡಂಪಿ ಲೆವೆಲ್ (ಮಟ್ಟ ಅಳೆಯುವ ದುರ್ಬೀನು) ಹಿಡಿದು ಎಲ್ಲ ಚುಕ್ಕೆಗಳ ಮಟ್ಟ ಬರೆದಿಡಿ. ಅವೇ ಚುಕ್ಕೆಗಳನ್ನು ಸೆಪ್ಟೆಂಬರ್ ಕೊನೆಯಲ್ಲಿ ಮತ್ತೆ ಅಳೆಯಿರಿ. ಹೋಲಿಸುವ ಮಟ್ಟವನ್ನು ಆಳದ ಪಾಯವಿರುವ ಕಟ್ಟಡದ ಮೇಲೆ ಗುರುತು ಮಾಡಬೇಕು. ಪಾರ್ಕಿನ ಕಾಂಪೌಂಡ್ ಗೋಡೆ ಬೇಡ, ಅದೂ ರಿಂಕಿನ ಜೊತೆಗೇ ಏಳುತ್ತದೆ, ಇಳಿಯುತ್ತದೆ. ಎರಡು ಅಳತೆಗಳ ನಡುವೆ ಕೆಲವು ಚುಕ್ಕೆ 10 ಮಿ.ಮೀ.ಗಿಂತ ಹೆಚ್ಚು ಎದ್ದು ಉಳಿದವು ಅಲ್ಲೇ ಇದ್ದರೆ ಮೇಲ್ಪದರದ ರಿಪೇರಿಯ ಮಾತು ಬಿಡಬೇಕು. ಎಲ್ಲವೂ ಸ್ಥಿರವಾಗಿದ್ದರೆ ಎದ್ದ ಅಂಚುಗಳನ್ನು ಡೈಮಂಡ್ ಗ್ರೈಂಡರ್‌ನಲ್ಲಿ ಸವೆಸಿ, ಸೀಳುಗಳಿಗೆ ಎಪಾಕ್ಸಿ ತುಂಬಿ, ಹೊಸ ಬಣ್ಣ ಹಚ್ಚಿದರೆ ನಡೆಯುತ್ತದೆ. ಸುತ್ತಿಗೆಯಿಂದ ತಟ್ಟಿಯೂ ನೋಡಿ: ಟೊಳ್ಳು ಸದ್ದು ಬಂದ ಕಡೆ ಚಪ್ಪಡಿ ಕೆಳಗೆ ನೆಲ ಜಾರಿದೆ.

ಎರೆ ಮಣ್ಣು, ಹುಲ್ಲುಹಾಸು, ಬೇವಿನ ಮರ

ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವಿರುತ್ತದೆ. ಅದರ ಹಾಳೆಯಂಥ ಪದರಗಳ ನಡುವೆ ನೀರು ಹೊಕ್ಕರೆ ಪದರಗಳು ದೂರ ಸರಿಯುತ್ತವೆ, ಒಣಗಿದರೆ ಹತ್ತಿರ ಬರುತ್ತವೆ. ಇಡೀ ರಿಂಕ್ ಒಂದೇ ಸಮ ಎದ್ದು ಒಂದೇ ಸಮ ಇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ತೊಂದರೆ ಬರುವುದು ಒಂದು ಬದಿ ಒದ್ದೆ, ಇನ್ನೊಂದು ಬದಿ ಒಣಗಿದ್ದಾಗ.

ಪಾರ್ಕ್ ಎಂದರೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ಒಂದು ಬದಿಗೆ ದಿನವೂ ನೀರು ಕುಡಿಯುವ ಹುಲ್ಲುಹಾಸು. ಇನ್ನೊಂದು ಬದಿಗೆ ಬಿಸಿಲಿಗೆ ಕಾದ ವಾಕಿಂಗ್ ಪಾತ್. ಮೂಲೆಯಲ್ಲಿ ಹತ್ತು ಮೀಟರ್ ಎತ್ತರದ ಬೇವು, ಅದರ ಬೇರು ಚಪ್ಪಡಿ ಕೆಳಗಿನ ತೇವವನ್ನು ಹೀರುತ್ತಿರುತ್ತದೆ. ಹುಲ್ಲಿನ ಬದಿ ಉಬ್ಬಿ, ಬೇವಿನ ಬದಿ ಕುಸಿದು, ನಡುವೆ ರಿಂಕ್ ಮುರಿಯುತ್ತದೆ. ಮರ ಕಡಿಯುವುದು ಪರಿಹಾರವಲ್ಲ. ಮರ ಹೀರುತ್ತಿದ್ದ ನೀರು ಮಣ್ಣಿನಲ್ಲೇ ಉಳಿದು, ಕುಸಿದಿದ್ದ ಆ ಮೂಲೆಯೇ ಉಬ್ಬಲು ಶುರುವಾಗುತ್ತದೆ. ರಿಂಕನ್ನೇ ಮರದ ಎತ್ತರದಷ್ಟು ದೂರ ಸರಿಸಿ. ಜಾಗವಿಲ್ಲದಿದ್ದರೆ ನಡುವೆ ಬೇರುತಡೆ ಇಳಿಸಿ.

ಬೀದರಿನವರ ಸಮಸ್ಯೆ ಬೇರೆ. ಅಲ್ಲಿನ ಪ್ರಸ್ಥಭೂಮಿಯ ಕೆಂಪು ಜಂಬಿಟ್ಟಿಗೆ ನೆಲ ಉಬ್ಬುವುದಿಲ್ಲ, ನೀರು ಬಸಿದು ಹೋಗುತ್ತದೆ, ರಿಂಕಿನ ಕೆಳಗೆ ಹಾಸುವ ಬೆಡ್‌ಗೆ ಅಷ್ಟು ಖರ್ಚಿಲ್ಲ. ಆದರೆ ಜಂಬಿಟ್ಟಿಗೆಯ ಕೆಳಗೆ ಮೆತ್ತನೆ ಜೇಡಿ ಪೊಳ್ಳುಗಳಿರುತ್ತವೆ. ನೌಬಾದ್ ಕಡೆ ಬಹಮನಿ ಕಾಲದ ಸುರಂಗ ಬಾವಿಯ ಕಾಲುವೆಯೇ ನೆಲದಡಿ ಹಾದಿದೆ. ಅಲ್ಲಿ ಜೆಸಿಬಿ ಇಳಿಸುವ ಮೊದಲು ಕೆಳಗೆ ಏನಿದೆ ಎಂದು ತಿಳಿದಿರಬೇಕು. ಯಾದಗಿರಿ ಊರಿನ ಗುಡ್ಡದ ಬುಡದಲ್ಲಿ ಕಲ್ಲುನೆಲ ಸಿಕ್ಕರೆ ಅದೃಷ್ಟ; ಶಹಾಪುರ, ಸುರಪುರದ ಕಾಲುವೆ ನೀರಿನ ಎರೆ ಭೂಮಿಗೆ ಬಂದರೆ ಕಲಬುರಗಿಯ ಲೆಕ್ಕವೇ.

ಅಗೆಯುವುದು, ತುಂಬುವುದು

ರೋಲರ್ ಹಾಕಿಗೂ ಒಗ್ಗುವ 40 ಮೀಟರ್ ಉದ್ದ, 20 ಮೀಟರ್ ಅಗಲದ ರಿಂಕ್ ಎಂದಿಟ್ಟುಕೊಳ್ಳೋಣ. ಹಳೆ ಚಪ್ಪಡಿ ಒಡೆದು ತೆಗೆದ ಮೇಲೆ ಸುತ್ತ ಒಂದೊಂದು ಮೀಟರ್ ಹೆಚ್ಚಿಟ್ಟುಕೊಂಡು, ಅಂದರೆ 42×22 ಮೀಟರ್, ಕನಿಷ್ಠ 60 ಸೆಂ.ಮೀ. ಆಳ ಅಗೆಯಬೇಕು. ಬಜೆಟ್ ಇದ್ದರೆ ಒಂದು ಮೀಟರ್.

ಅಗೆದ ಗುಂಡಿಗೆ ಉಸುಕು ತುಂಬುವುದು ಎಲ್ಲರೂ ಮಾಡುವ ತಪ್ಪು. ಎರೆ ಮಣ್ಣಿನ ಗುಂಡಿಯಲ್ಲಿ ಉಸುಕು ತುಂಬಿದರೆ ಅದು ತೊಟ್ಟಿಯಂತೆ ನೀರು ಹಿಡಿದಿಟ್ಟು ಕೆಳಗಿನ ಮಣ್ಣಿಗೆ ತಿಂಗಳುಗಟ್ಟಲೆ ಉಣಿಸುತ್ತದೆ. ಬೇಕಾದದ್ದು ಮುರುಮು: ಹಿಡಿದರೆ ಅಂಟುವ, ನೆನೆದರೆ ಉಬ್ಬದ ಮಣ್ಣು. ಉಬ್ಬದ ಆದರೆ ಅಂಟುಗುಣವಿರುವ ಇಂಥ ಪದರ ಕೆಳಗಿನ ಎರೆಯ ಉಬ್ಬನ್ನು ತಡೆಹಿಡಿಯುತ್ತದೆ ಎಂಬುದನ್ನು ಐಐಟಿ ಬಾಂಬೆಯ ಪ್ರೊಫೆಸರ್ ಆರ್.ಕೆ. ಕಟ್ಟಿ ತೋರಿಸಿಕೊಟ್ಟರು, ಎರೆ ಭೂಮಿಯ ಕಾಲುವೆ ಕೆಲಸಗಳಲ್ಲಿ ಇಂದಿಗೂ ಅದೇ ಕ್ರಮ.

ಲೆಕ್ಕ ಹೀಗೆ: 42×22×0.6 ಎಂದರೆ ಕುಟ್ಟಿ ಕೂರಿಸಿದ ಮೇಲೆ ಸುಮಾರು 555 ಘನಮೀಟರ್. ಸಡಿಲವಾಗಿ ತರಿಸಬೇಕಾದದ್ದು ಅದರ ಕಾಲು ಭಾಗ ಹೆಚ್ಚು, ಅಂದರೆ 700 ಘನಮೀಟರ್, ನಮ್ಮ ಕಡೆಯ ಲೆಕ್ಕದಲ್ಲಿ ಸುಮಾರು 250 ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ). ತಂದ ಮುರುಮಿನ ಒಂದು ಹಿಡಿಯನ್ನು ನೆನೆಸಿ ಅಂಗೈಯಲ್ಲಿ ಉಂಡೆ ಮಾಡಿ ಒಣಗಿಸಿ ನೋಡಿ. ಒಣಗಿದಾಗ ಉಂಡೆ ಬಿರಿದರೆ ಅದರಲ್ಲಿ ಎರೆ ಸೇರಿದೆ, ಟಿಪ್ಪರ್ ವಾಪಸ್ ಕಳಿಸಿ.

ಮುರುಮು ಹಾಕುವ ಮೊದಲು ಗುಂಡಿಯ ತಳಕ್ಕೆ ಕೆಲವು ದಿನ ನೀರು ಉಣಿಸಿ, ಮೇಲಿನ ಕೆಸರು ಆರಿದ ಮೇಲೆ ಕೆಲಸ ಶುರು ಮಾಡಬೇಕು. ವಿಚಿತ್ರ ಅನ್ನಿಸಬಹುದು. ಆದರೆ ಮೇ ತಿಂಗಳ ಒಣಗಿ ಕುಗ್ಗಿದ ಎರೆಯ ಮೇಲೆ ಚಪ್ಪಡಿ ಹಾಸಿದರೆ ಅದು ಮುಂದೆ ಎದ್ದೇ ಏಳುತ್ತದೆ. ಮೊದಲೇ ಉಬ್ಬಿದ ಮಣ್ಣಿಗೆ ಮತ್ತೆ ಉಬ್ಬಲು ಹೆಚ್ಚು ಉಳಿದಿರುವುದಿಲ್ಲ. ಮಳೆಗಾಲ ಮುಗಿದ ಅಕ್ಟೋಬರ್ ಕೊನೆಯಲ್ಲಿ ಅಗೆತ, ನವೆಂಬರ್‌ನಲ್ಲಿ ಮುರುಮು, ಡಿಸೆಂಬರ್‌ನಲ್ಲಿ ಕಾಂಕ್ರೀಟ್ ಎಂಬ ವೇಳಾಪಟ್ಟಿ ನಮ್ಮ ಭಾಗಕ್ಕೆ ಹೊಂದುವುದು ಹೀಗೆ. ಮಾರ್ಚ್‌ನೊಳಗೆ ಬಿಲ್ ಮುಗಿಸುವ ಅವಸರಕ್ಕೆ ಬಿದ್ದು ಫೆಬ್ರವರಿ ಕೊನೆಗೆ ಅಗೆಯಲು ಹೊರಟರೆ ಎಲ್ಲವೂ ತಪ್ಪಿದ ಹೊತ್ತಿಗೇ ಬರುತ್ತದೆ.

ಮುರುಮನ್ನು 20 ಸೆಂ.ಮೀ. ಸಡಿಲ ಪದರಗಳಲ್ಲಿ ಹರಡಿ, ಹದ ತೇವಕ್ಕೆ ನೀರು ಚಿಮುಕಿಸಿ, 8ರಿಂದ 10 ಟನ್ ವೈಬ್ರೇಟರಿ ರೋಲರ್ ಓಡಿಸಿದರೆ 15 ಸೆಂ.ಮೀ.ಗೆ ಕೂರುತ್ತದೆ. ಹೀಗೆ ನಾಲ್ಕು ಪದರ. ಪ್ರತಿ ಪದರಕ್ಕೂ ಕೋರ್ ಕಟರ್ ಅಥವಾ ಉಸುಕು ಸುರಿಯುವ ವಿಧಾನದಲ್ಲಿ ಸಾಂದ್ರತೆ ಅಳೆದು, ಪ್ರಯೋಗಾಲಯದಲ್ಲಿ ಸಿಕ್ಕ ಗರಿಷ್ಠ ಸಾಂದ್ರತೆಯ ಶೇ. 95 ಮುಟ್ಟಿದ ಮೇಲೆಯೇ ಮುಂದಿನ ಪದರ. ಕೊನೆಯ ಪದರದ ಮೇಲೆ 7.5 ಸೆಂ.ಮೀ. ಬಡ ಕಾಂಕ್ರೀಟ್ (ಸಿಮೆಂಟ್ ಕಡಿಮೆ ಹಾಕಿದ್ದು), ಸುಮಾರು 70 ಘನಮೀಟರ್.

ನಂತರ ಸುತ್ತಲಿನ ತೇವತಡೆ. ಇಡೀ ರಿಂಕಿನ ಸುತ್ತ ಒಂದು ಮೀಟರ್ ಆಳದ ಕಿರಿದಾದ ಕಾಲುವೆ ತೋಡಿ ದಪ್ಪ ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆಯನ್ನು ನೆಟ್ಟಗೆ ಇಳಿಸಿ ಮುಚ್ಚಬೇಕು. ಹುಲ್ಲುಹಾಸಿನ ನೀರು ಪಕ್ಕದಿಂದ ಒಳಗೆ ಬರುವುದನ್ನೂ, ಬೇಸಿಗೆಯಲ್ಲಿ ಒಳಗಿನ ತೇವ ಪಕ್ಕದಿಂದ ಹೋಗುವುದನ್ನೂ ಇದು ತಡೆಯುತ್ತದೆ. ಖರ್ಚು ಕಡಿಮೆ, ಉಪಯೋಗ ದೊಡ್ಡದು. ಅಂದಾಜುಪಟ್ಟಿಯಲ್ಲಿ ಮೊದಲು ಕೈಬಿಡುವ ಬಾಬತ್ತೂ ಇದೇ ಆಗಿರುವುದು ಬೇಸರದ ಸಂಗತಿ.

ಇಳಿಜಾರು

ರಿಂಕ್ ಮಟ್ಟಸವಾಗಿ ಕಂಡರೂ ಒಂದೇ ಕಡೆಗೆ ಇಳಿಜಾರಿರಬೇಕು: 200ಕ್ಕೆ 1, ಅಂದರೆ 20 ಮೀಟರ್ ಅಗಲಕ್ಕೆ 10 ಸೆಂ.ಮೀ. ಇದಕ್ಕಿಂತ ಹೆಚ್ಚಾದರೆ ಸ್ಕೇಟ್ ಮಾಡುವವರ ಕಾಲಿಗೆ ಗೊತ್ತಾಗುತ್ತದೆ. ರಸ್ತೆಯಂತೆ ನಡುವೆ ಎತ್ತರಿಸಿ ಎರಡು ಕಡೆ ಇಳಿಸುವುದಂತೂ ಬೇಡವೇ ಬೇಡ. ಗಂಟೆಗೆ 50 ಮಿ.ಮೀ. ಮಳೆ ಬಿದ್ದರೆ 800 ಚದರ ಮೀಟರಿನಿಂದ 40,000 ಲೀಟರ್ ನೀರು ಬರುತ್ತದೆ. ತಗ್ಗಿನ ಬದಿಗೆ ಒಂದಡಿ ಅಗಲ, ಒಂದಡಿ ಆಳದ ಚರಂಡಿ ಇದಕ್ಕೆ ಧಾರಾಳ ಸಾಕು, ಅದು ಎಲ್ಲಿಗಾದರೂ ಹೋಗಿ ಸೇರುವಂತಿದ್ದರೆ ಮಾತ್ರ. ಪಾರ್ಕಿನ ಹುಲ್ಲಿನಲ್ಲಿ ಕೊನೆಗೊಳ್ಳುವ ಚರಂಡಿ ಆ ನೀರನ್ನು ಮತ್ತೆ ರಿಂಕಿನ ಬುಡಕ್ಕೇ ಕಳಿಸುತ್ತದೆ. ತಗ್ಗಿನ ಅಂಚು ಕೂಡ ಸುತ್ತಲಿನ ನೆಲಕ್ಕಿಂತ 15 ಸೆಂ.ಮೀ. ಮೇಲಿರಲಿ.

ಚಪ್ಪಡಿ

ಇಲ್ಲಿ ಯಾರಾದರೂ ಶಹಾಬಾದ್ ಫರಸಿ ಹಾಸಿಬಿಡೋಣ ಎಂದು ಹೇಳಿಯೇ ಹೇಳುತ್ತಾರೆ. ಕಲ್ಲು ಪಕ್ಕದಲ್ಲೇ ಸಿಗುತ್ತದೆ, ಅಗ್ಗ, ಮನೆಮನೆಯಲ್ಲೂ ಇದೆ. ಆದರೆ ಎರಡಡಿಗೊಂದು ಸಂದು ಎಂದರೆ ಗಾಲಿಗೆ ಎರಡಡಿಗೊಂದು ಹೊಡೆತ. ಸುಣ್ಣದಕಲ್ಲು ಸವೆದಷ್ಟೂ ನುಣುಪಾಗಿ ಒದ್ದೆಯಾದಾಗ ಜಾರುತ್ತದೆ, ಬಿಸಿಲಿಗೆ ಪದರ ಬಿಡುತ್ತದೆ. ಮಕ್ಕಳು ಕೂತು ಸ್ಕೇಟ್ ಕಟ್ಟಿಕೊಳ್ಳುವ ಕಟ್ಟೆಗೆ ಅದಕ್ಕಿಂತ ಒಳ್ಳೆಯದಿಲ್ಲ, ಅಲ್ಲಿ ಬಳಸಿ.

ರಿಂಕಿಗೆ ಬೇಕಾದದ್ದು 15 ಸೆಂ.ಮೀ. ದಪ್ಪದ ಎಂ30 ದರ್ಜೆಯ ಕಾಂಕ್ರೀಟ್: 120 ಘನಮೀಟರ್, 6 ಘನಮೀಟರಿನ 20 ಗಾಡಿ. ಘನಮೀಟರಿಗೆ 380 ಕೆ.ಜಿ. ಸಿಮೆಂಟ್ ಹಿಡಿದರೆ 912 ಚೀಲ; ನೀರು ಘನಮೀಟರಿಗೆ 160 ಲೀಟರ್. ಬಡ ಕಾಂಕ್ರೀಟಿನ ಮೇಲೆ 250 ಮೈಕ್ರಾನ್ ಪಾಲಿಥಿನ್ ಹಾಳೆಯನ್ನು ಒಂದರ ಮೇಲೊಂದು 30 ಸೆಂ.ಮೀ. ಬರುವಂತೆ ಹಾಸಬೇಕು. ಚಪ್ಪಡಿ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವಾಗ ಅದರ ಮೇಲೆ ಜಾರಲಿ ಎಂದು.

8 ಮಿ.ಮೀ. ಸರಳಿನ ಜಾಲ, ಎರಡೂ ದಿಕ್ಕಿಗೆ 20 ಸೆಂ.ಮೀ. ಅಂತರ, ಒಂದರ ಮೇಲೊಂದು ಬರುವ ತುದಿಗಳೂ ಸೇರಿ ಸುಮಾರು 3.5 ಟನ್. ಜಾಲ ಇರಬೇಕಾದದ್ದು ಮೇಲಿನಿಂದ 5 ಸೆಂ.ಮೀ. ಕೆಳಗೆ. ಹಳೆಯ ರಿಂಕ್ ಒಡೆದಾಗ ಕಬ್ಬಿಣ ಪ್ಲಾಸ್ಟಿಕ್ ಹಾಳೆಗೆ ಅಂಟಿಕೊಂಡು ತಳದಲ್ಲಿ ಬಿದ್ದಿರುವುದೇ ಹೆಚ್ಚು. ಕೆಲಸಗಾರರು ಮೇಲೆ ತುಳಿದಾಡಿದ್ದರಿಂದ ಹಾಗಾಗಿರುತ್ತದೆ. ಚದರ ಮೀಟರಿಗೊಂದು ಕಬ್ಬಿಣದ ಕುರ್ಚಿ ಇಟ್ಟು, ನಡೆಯಲು ಹಲಗೆ ಹಾಕಿ. ಸರಳು ಬಿರುಕನ್ನು ಬಾರದಂತೆ ತಡೆಯುವುದಿಲ್ಲ, ಬಂದ ಬಿರುಕು ಬಾಯಿ ಬಿಡದಂತೆ ಹಿಡಿಯುತ್ತದೆ. ಅದು ಕೂಡ ಸರಿಯಾದ ಎತ್ತರದಲ್ಲಿದ್ದರೆ ಮಾತ್ರ.

20 ಮೀಟರ್ ಅಗಲವನ್ನು 4 ಮೀಟರಿನ ಐದು ಪಟ್ಟಿ ಮಾಡಿ, ಮೊದಲು 1, 3, 5ನೇ ಪಟ್ಟಿ ಹಾಕಿ, ಕೆಲವು ದಿನ ಬಿಟ್ಟು 2 ಮತ್ತು 4. ಪಟ್ಟಿಗಳ ನಡುವೆ 20 ಮಿ.ಮೀ. ನುಣುಪು ಸರಳಿನ 45 ಸೆಂ.ಮೀ. ತುಂಡುಗಳನ್ನು 30 ಸೆಂ.ಮೀ.ಗೊಂದರಂತೆ ದಪ್ಪದ ನಡುಮಧ್ಯೆ ಇಡಬೇಕು. ಇವೇ ಡೋವೆಲ್‌ಗಳು. ಅರ್ಧಭಾಗ ಒಂದು ಪಟ್ಟಿಯೊಳಗೆ ಬಿಗಿ, ಇನ್ನರ್ಧಕ್ಕೆ ಗ್ರೀಸ್. ಚಪ್ಪಡಿಗಳು ದೂರ ಸರಿಯಬಹುದು, ಹತ್ತಿರ ಬರಬಹುದು, ಆದರೆ ಒಂದರ ಅಂಚು ಇನ್ನೊಂದಕ್ಕಿಂತ ಮೇಲೇಳಲಾರದು. ಮೇಲೆ ಹೇಳಿದ 4 ಮಿ.ಮೀ. ಮೆಟ್ಟಿಲನ್ನು ತಡೆಯುವುದು ಈ ಸಣ್ಣ ಸರಳುಗಳೇ. ಅವು ವಾರೆಯಾಗಿ ಕೂತರೆ ಜಾರುವುದಿಲ್ಲ, ಜಾಯಿಂಟ್ ಪಕ್ಕದಲ್ಲೇ ಕಾಂಕ್ರೀಟ್ ಒಡೆಯುತ್ತದೆ. ಗೌಂಡಿಗೆ ಇದನ್ನು ಕೈಯಲ್ಲಿ ಹಿಡಿದು ತೋರಿಸಿ ಹೇಳಬೇಕು.

ಪಟ್ಟಿಗೆ ಅಡ್ಡಲಾಗಿ 4 ಮೀಟರಿಗೊಂದು ಗರಗಸದ ಗೀರು, 3 ಮಿ.ಮೀ. ಅಗಲ, 5 ಸೆಂ.ಮೀ. ಆಳ. ಅದೇ ಆಳದಲ್ಲಿ ಸರಳಿನ ಜಾಲವಿರುವುದರಿಂದ ಗೀರು ಬರುವ ಜಾಗದಲ್ಲಿ ಜಾಲವನ್ನು ಮೊದಲೇ ತುಂಡು ಮಾಡಿಟ್ಟಿರಬೇಕು. ಗೀರು ಹಾಕುವ ಹೊತ್ತು ಬಲು ಮುಖ್ಯ. ಬೇಗ ಕೊಯ್ದರೆ ಅಂಚಿನ ಕಡಿ (ಜಲ್ಲಿಕಲ್ಲು) ಕಿತ್ತು ಬರುತ್ತದೆ. ಮರುದಿನ ಬೆಳಿಗ್ಗೆ ನೋಡೋಣ ಎಂದು ಬಿಟ್ಟರೆ ಅಷ್ಟರಲ್ಲಿ ಕಾಂಕ್ರೀಟ್ ತನಗೆ ಬೇಕಾದಲ್ಲಿ ಬಿರಿದಿರುತ್ತದೆ. ಚಳಿಗಾಲದಲ್ಲಿ ಕಾಂಕ್ರೀಟ್ ಹಾಕಿದ 8ರಿಂದ 12 ಗಂಟೆಯೊಳಗೆ, ಬಿಸಿಲಿನ ದಿನವಾದರೆ 5–6 ಗಂಟೆಗೇ ಯಂತ್ರ ತಯಾರಿರಬೇಕು, ಜೊತೆಗೆ ಇನ್ನೊಂದು ಬ್ಲೇಡ್ ಕೂಡ.

ಬಿಸಿಲಿನ ಜೊತೆ ಓಟ

ಮೇಲ್ಮೈಯಿಂದ ಗಂಟೆಗೆ ಚದರ ಮೀಟರಿಗೆ 1 ಲೀಟರಿಗಿಂತ ಹೆಚ್ಚು ನೀರು ಆರಿದರೆ ಕಾಂಕ್ರೀಟ್ ಗಟ್ಟಿಯಾಗುವ ಮೊದಲೇ ಬಿರಿಯುತ್ತದೆ. 40 ಡಿಗ್ರಿ ಬಿಸಿಲಿಗೆ ಒಣಗಾಳಿಯೂ ಸೇರಿದರೆ ಈ ಗಡಿ ಸುಲಭವಾಗಿ ದಾಟುತ್ತದೆ. ಬೇಸಿಗೆಯಲ್ಲಿ ಹಾಕಲೇಬೇಕಾಗಿ ಬಂದರೆ ಸೂರ್ಯ ಮುಳುಗಿದ ಮೇಲೆ ಶುರು ಮಾಡಿ, ಕಡಿಯ ರಾಶಿಗೆ ನೆರಳು ಕಟ್ಟಿ, ಕಲಸುವ ನೀರಿನಲ್ಲಿ ಘನಮೀಟರಿಗೆ 25 ಕೆ.ಜಿ.ಯಷ್ಟನ್ನು ಪುಡಿ ಮಾಡಿದ ಐಸ್ ರೂಪದಲ್ಲಿ ಕೊಡಬಹುದು. ಕಾಂಕ್ರೀಟಿನ ಉಷ್ಣತೆ ಸುಮಾರು 4 ಡಿಗ್ರಿ ಇಳಿಯುತ್ತದೆ. ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳು ಹತ್ತಿರವಿರುವುದು ನಮಗೆ ಅನುಕೂಲ, ಆದರೆ ಆಗತಾನೇ ಬಂದ ಸಿಮೆಂಟ್ ಮುಟ್ಟಿದರೆ ಸುಡುವಂತಿರುತ್ತದೆ. ಒಂದೆರಡು ದಿನ ಆರಲು ಬಿಡಿ.

ಗಾಡಿ ಬಂದಾಗ ಕಾಂಕ್ರೀಟ್ ಗಟ್ಟಿ ಅನ್ನಿಸಿದರೆ ಚಾಲಕ ಪೈಪ್ ಬಿಚ್ಚಿ ನೀರು ಬಿಡುತ್ತಾನೆ. 6 ಘನಮೀಟರಿಗೆ 100 ಲೀಟರ್ ಸೇರಿದರೆ ನೀರು–ಸಿಮೆಂಟ್ ಅನುಪಾತ 0.42ರಿಂದ 0.46ಕ್ಕೆ ಏರುತ್ತದೆ. ಬಲ ಕುಗ್ಗುತ್ತದೆ, ಒಣಗುವಾಗ ಕುಗ್ಗುವುದೂ ಹೆಚ್ಚುತ್ತದೆ. ನೀರಿನ ಬದಲು ಕಾಂಕ್ರೀಟನ್ನು ಸಡಿಲಗೊಳಿಸುವ ಪ್ಲಾಸ್ಟಿಸೈಸರ್ ದ್ರಾವಣ ಕೊಡಿ, ಆ ಪೈಪಿನ ಪಕ್ಕ ಒಬ್ಬರನ್ನು ನಿಲ್ಲಿಸಿ.

ಮೇಲ್ಮೈಯನ್ನು ಪವರ್ ಟ್ರೋವೆಲ್‌ನಲ್ಲಿ ನುಣುಪಾಗಿಸಿ, 3 ಮೀಟರ್ ಅಲ್ಯುಮಿನಿಯಂ ಪಟ್ಟಿ ಇಟ್ಟಾಗ ಕೆಳಗೆ 3 ಮಿ.ಮೀ.ಗಿಂತ ಹೆಚ್ಚು ಸಂದು ಕಾಣಬಾರದು. ಸಿಮೆಂಟ್ ಪುಡಿ ಉದುರಿಸಿ ನೀಟು ಮಾಡುವ ಅಭ್ಯಾಸ ಬೇಡ, ಆ ಪದರವೇ ಮುಂದೆ ಹಪ್ಪಳದಂತೆ ಏಳುತ್ತದೆ.

ಕ್ಯೂರಿಂಗ್ 14 ದಿನ. ಇಳಿಜಾರಿರುವುದರಿಂದ ಒಂದೇ ಕಟ್ಟೆಯಲ್ಲಿ ನೀರು ನಿಲ್ಲುವುದಿಲ್ಲ, ಸಣ್ಣ ಸಣ್ಣ ಮಡಿ ಕಟ್ಟಬೇಕು, ಇಲ್ಲವೇ ಗೋಣಿ ತಟ್ಟು ಹಾಸಿ ಮೇಲೆ ಪ್ಲಾಸ್ಟಿಕ್ ಹೊದಿಸಬೇಕು. ಮಡಿ ಕಟ್ಟಿದರೆ ಚಳಿಗಾಲದಲ್ಲೂ ಹೆಚ್ಚುಕಡಿಮೆ ದಿನಕ್ಕೊಂದು ಟ್ಯಾಂಕರ್ ಬೇಕಾಗುತ್ತದೆ. ಸವಳು ಬೋರ್‌ವೆಲ್ ನೀರು ಬಿಟ್ಟರೆ ಬಿಳಿ ಉಪ್ಪು ಕೂತು ಮುಂದೆ ಬಣ್ಣ ಏಳುತ್ತದೆ.

ಬಣ್ಣ, ಕಟಕಟೆ ಮತ್ತು ಆಮೇಲೆ

28 ದಿನ ಕಳೆದ ಮೇಲೂ ಬಣ್ಣಕ್ಕೆ ಅವಸರ ಬೇಡ. 45 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒಳಗೆ ಹನಿ ಕಂಡರೆ ಇನ್ನೂ ಕಾಯಬೇಕು. ಎಪಾಕ್ಸಿ ಬಣ್ಣ ಬಿಸಿಲಿಗೆ ಪುಡಿಯಾಗುತ್ತದೆ, ಒಳಾಂಗಣಕ್ಕೆ ಮಾತ್ರ ಅದು. ಹೊರಗೆ ಅಕ್ರಿಲಿಕ್ ಅಥವಾ ಬಿಸಿಲು ತಾಳುವ ಪಾಲಿಯುರೆಥೇನ್. ತಿಳಿ ಬಣ್ಣವನ್ನೇ ಆರಿಸಿ, ಗಾಢ ನೀಲಿ, ಹಸಿರು ಮೇ ತಿಂಗಳ ಸಂಜೆ ಆರಕ್ಕೂ ಕಾದಿರುತ್ತವೆ, ಬಿದ್ದ ಮಗುವಿನ ಅಂಗೈ ಸುಡುತ್ತದೆ. ಗೀರುಗಳಿಗೆ ಮೆತ್ತನೆ ಸೀಲೆಂಟ್ ಬದಲು ಗಾಲಿಯ ಹೊಡೆತಕ್ಕೆ ಅಂಚು ಉದುರದಂಥ ಅರೆಗಟ್ಟಿ ಪಾಲಿಯೂರಿಯಾ ತುಂಬಿಸಿ.

ರಿಂಕಿನ ಸುತ್ತಲಿನ ಕಟಕಟೆಯ ಕಂಬಗಳನ್ನು ಚಪ್ಪಡಿಯ ಅಂಚಿಗೆ ಬೋಲ್ಟ್ ಮಾಡಬಾರದು, ಹೊರಗೆ ಬೇರೆ ಬೀಮ್ ಹಾಕಿ ನಿಲ್ಲಿಸಬೇಕು. ಮೂಲೆಗಳು ದುಂಡಗಿರಲಿ. ದೀಪದ ಕಂಬಕ್ಕೂ ಪಾಯ ಬೇರೆಯೇ.

ಬಣ್ಣ ಹಚ್ಚುವ ಮೊದಲು ಟ್ಯಾಂಕರ್ ನೀರು ಸುರಿದು ಒಂದು ಗಂಟೆ ಬಿಟ್ಟು ನೋಡಿ. ನೀರು ನಿಂತ ಕಡೆ ಒಂದು ರೂಪಾಯಿ ನಾಣ್ಯ ಇಟ್ಟು, ಅದು ಪೂರ್ತಿ ಮುಳುಗಿದರೆ ಆ ತಗ್ಗನ್ನು ಆಗಲೇ ತುಂಬಿಸಿಕೊಳ್ಳಬೇಕು. ಗುತ್ತಿಗೆದಾರರ ಕೊನೆಯ ಬಿಲ್ಲಿಗೆ ಮೊದಲು ಮಾಡಿಸಬೇಕಾದ ಪರೀಕ್ಷೆ ಇದು.

ರಿಂಕಿನ ಮೇಲೆ ಸಭೆ, ಸಮಾರಂಭದ ಪೆಂಡಾಲ್‌ಗೆ ಅನುಮತಿ ಕೊಡಬೇಡಿ. ಪೆಂಡಾಲಿನ ಗೂಟಕ್ಕೆ ಹೊಡೆದ ಒಂದು ತೂತು ಪಾಲಿಥಿನ್ ಹಾಳೆಯನ್ನೂ ದಾಟಿ ಮಳೆ ನೀರಿಗೆ ನೇರ ದಾರಿಯಾಗುತ್ತದೆ. ಹುಲ್ಲಿನ ಸ್ಪ್ರಿಂಕ್ಲರ್ ರಿಂಕಿನಿಂದ 3 ಮೀಟರ್ ದೂರವಿರಲಿ. ಮುಂದಿನ ಮೇ ಮತ್ತು ಸೆಪ್ಟೆಂಬರ್‌ಗಳಲ್ಲಿ ಹೊಸ ಚಪ್ಪಡಿಯ ಮೇಲೂ ಚುಕ್ಕೆ ಇಟ್ಟು ಮಟ್ಟ ಅಳೆದು, ಹಳೆಯ ಅಳತೆಗಳ ಪಕ್ಕದಲ್ಲೇ ಬರೆದು ಪಾರ್ಕಿನ ಕಡತದಲ್ಲಿ ಇಡಿ.